ಉಷ್ಣಕ್ಕೆ ಎರಡು ಮಾತ್ರೆ

ಮೇ 24, ಶುಕ್ರವಾರ

ಬೆಳಿಗ್ಗೆಯಿಂದ ಉರಿ. ಬಚ್ಚಲಿಗೆ ಹೋದಾಗಲೆಲ್ಲ ಹಲ್ಲು ಕಚ್ಚಿಕೊಂಡು ನಿಲ್ಲಬೇಕು. ಒಳಬಟ್ಟೆಯ ಮೇಲೆ ಹಳದಿ ಕಲೆ. ಹದಿನೇಳು ವರ್ಷ ಔಷಧಿ ಅಂಗಡಿ ನಡೆಸಿದವನಿಗೆ ಇದೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕಾಗಿ ಅಂಗಡಿಗೆ ಬರುವವರದ್ದು ಒಂದೇ ವರಸೆ. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಹಲ್ಲುಜ್ಜುವ ಬ್ರಷ್ಷುಗಳನ್ನು ಒಂದೊಂದಾಗಿ ನೋಡುತ್ತ ನಿಲ್ಲುತ್ತಾರೆ. ಆಮೇಲೆ ಕೌಂಟರಿಗೆ ಎದೆ ತಾಗಿಸಿ, "ಸ್ವಲ್ಪ ಉಷ್ಣ ಆಗಿದೆ ಸಾರ್," ಅನ್ನುತ್ತಾರೆ. ನಾನು ಮರುಮಾತು ಕೇಳುವುದಿಲ್ಲ. ಕತ್ತರಿ ತೆಗೆದು ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸಿ, ಪೊಟ್ಟಣಕ್ಕೆ ಹಾಕಿ, "ನೀರು ಜಾಸ್ತಿ ಕುಡೀರಿ," ಅಂತ ಕಳಿಸುತ್ತೇನೆ. ಜನರ ಮಾನ ಕಾಪಾಡುವ ಕೆಲಸ ಎಂದೇ ತಿಳಿದಿದ್ದೆ. ಇವತ್ತು ನನಗೇ ಉಷ್ಣ. ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಅದೇ ಕತ್ತರಿಯಲ್ಲಿ ನನಗೂ ಎರಡು ಕತ್ತರಿಸಿಕೊಂಡು ನುಂಗಿದೆ.

ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ, ಅದಕ್ಕೇ ಈ ಡೈರಿ. ಔಷಧಿ ಕಂಪನಿಯವರು ಬಿಟ್ಟಿಯಾಗಿ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಒಂದೊಂದು ಜಾಹೀರಾತು, ಇವತ್ತಿನದ್ದು ಮಲಬದ್ಧತೆಗೆ. ಇರಲಿ.

ಹೋದ ಶನಿವಾರ, ಭಾನುವಾರ ಬೇರೆ ಊರಿನಲ್ಲಿ ಔಷಧಿ ಅಂಗಡಿಯವರ ಸಭೆ. ರೋಗಾಣು ಕೊಲ್ಲುವ ಮಾತ್ರೆಗಳನ್ನು ಪೂರ್ತಿ ಕೋರ್ಸೇ ಮಾರಬೇಕು, ಬಿಡಿಬಿಡಿಯಾಗಿ ಕೊಡಬಾರದು ಅಂತ ಒಬ್ಬರು ಭಾಷಣ ಕೊರೆಯುತ್ತಿದ್ದರು. ಪಕ್ಕದ ಕುರ್ಚಿಯ ಹೆಂಗಸು ನನಗಿಂತ ದೊಡ್ಡದಾಗಿ ಆಕಳಿಸಿದಳು. ಅವಳದ್ದೂ ಅಂಗಡಿಯಂತೆ. ಇಬ್ಬರಿಗೂ ನಗು ಬಂತು, ಎದ್ದು ಹೊರಗೆ ಬಂದೆವು. ಹರಟೆಯಿಂದ ಶುರುವಾದದ್ದು ಹೋಟೆಲಿನ ಮೂರನೇ ಮಹಡಿಯಲ್ಲಿ ಮುಗಿಯಿತು. ಒಂದೇ ಸಲ. ಒಂದೇ ಸಲ ಅಂತ ಬರೆದುಕೊಂಡರೆ ತಪ್ಪು ಅರ್ಧ ಆಗುತ್ತದೆಯೇನೋ ಎಂಬಂತೆ ಬರೆಯುತ್ತಿದ್ದೇನೆ ನೋಡು.

ಸೋಮವಾರ ಮನೆಗೆ ಬಂದೆ. ತಪ್ಪು ಮಾಡಿ ಬಂದವನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕುತ್ತದೆ. "ಏನ್ರೀ, ಎರಡೇ ದಿನಕ್ಕೆ ಇಷ್ಟೊಂದು ನೆನಪಾಗಿಬಿಟ್ನಾ?" ಎಂದು ನಕ್ಕಳು. ಸೋಮವಾರ, ಮಂಗಳವಾರ ಎರಡೂ ದಿನ ನಾವು ಹೊಸ ಜೋಡಿಯ ಹಾಗಿದ್ದೆವು. ಅಂದರೆ ಅವಳಿಗೂ ಅಂಟಿಸಿದ್ದೇನೆ.

ಮೇ 26, ಭಾನುವಾರ

ಎರಡು ದಿನದಿಂದ ಬೆನ್ನುನೋವಿನ ನೆಪ ಹೇಳಿ ಹಾಲ್‌ನಲ್ಲಿ ಮಲಗುತ್ತಿದ್ದೇನೆ. ಪಾಪದವಳು, ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟಳು.

ಮೂರು ವರ್ಷದ ಹಿಂದೆ ಇವಳಿಗೆ ಗರ್ಭ ಟ್ಯೂಬಿನಲ್ಲೇ ನಿಂತು, ಟ್ಯೂಬು ಒಡೆದು, ಜೀವ ಉಳಿದದ್ದೇ ಹೆಚ್ಚು. ಆ ಕಡೆಯ ಟ್ಯೂಬು ತೆಗೆದರು. "ಇನ್ನೊಂದು ಚೆನ್ನಾಗಿದೆ, ಮಗುವಾಗೋದಕ್ಕೆ ಒಂದು ಸಾಕಮ್ಮ," ಅಂದಿದ್ದರು ಡಾಕ್ಟರಮ್ಮ. ಅಂದಿನಿಂದ ಆ ಒಂದನ್ನೇ ನಂಬಿಕೊಂಡು ಕೂತಿದ್ದೇವೆ. ನನಗೆ ಬಂದಿರುವ ಈ ಉಷ್ಣವೋ, ಹೆಂಗಸರಲ್ಲಿ ಸದ್ದಿಲ್ಲದೆ ಮೇಲೆ ಹತ್ತಿ ಟ್ಯೂಬನ್ನೇ ಮುಚ್ಚಿಬಿಡಬಲ್ಲದು. ನೋವು ಕಾಣಿಸುವ ಹೊತ್ತಿಗೆ ಒಳಗೆ ಆಗಬಾರದ್ದು ಆಗಿರುತ್ತದೆ.

ಹಾಗಾಗಿ ಇವತ್ತು ತಿಂಡಿಯಾದ ಮೇಲೆ ಅವಳ ಅಂಗೈಯಲ್ಲಿ ಮಾತ್ರೆ ಇಟ್ಟೆ. ಸ್ಟ್ರಿಪ್ಪಿನಲ್ಲಿ ಹೆಸರಿದ್ದ ಭಾಗ ಕತ್ತರಿಸಿ ಎಸೆದಿದ್ದೆ. "ಹೊಸ ವಿಟಮಿನ್ನು. ಮೂರು ದಿನ ತಗೋ. ರಕ್ತಕ್ಕೆ ಒಳ್ಳೇದು."

ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ದಿನವಿಡೀ ಜನರಿಗೆ ಸಣ್ಣ ಅಕ್ಷರ ಓದಿಸುವವಳು. ಆದರೂ ಮಾತ್ರೆಯನ್ನು ತಿರುಗಿಸಿ ಕೂಡ ನೋಡಲಿಲ್ಲ, ಗುಳುಂ ಎನಿಸಿದಳು. "ಮನೇಲೇ ಮೆಡಿಕಲ್ ಶಾಪ್ ಇಟ್ಕೊಂಡಿರೋಳಿಗೆ ಇದೊಂದು ಸುಖ ಕಣ್ರೀ," ಅಂದಳು. ನಾನು ಹಲ್ಲು ಗಿಂಜಿದೆ.

ಮೇ 30, ಗುರುವಾರ

ಉರಿ ಇಲ್ಲ, ಕಲೆ ಇಲ್ಲ! ಬಚ್ಚಲಿನಲ್ಲಿ ನಿಂತು ಶಿಳ್ಳೆ ಹಾಕಿದೆ. ಇನ್ನು ಜನ್ಮದಲ್ಲಿ ಯಾವ ಸಭೆಗೂ ಹೋಗುವುದಿಲ್ಲ. ಹೇಳಿಕೊಂಡು ಅವಳ ನೆಮ್ಮದಿ ಕೆಡಿಸುವುದರಲ್ಲಿ ಏನು ಅರ್ಥವಿದೆ? ಮುಗಿದದ್ದು ಮುಗಿಯಿತು.

ಜೂನ್ 4, ಮಂಗಳವಾರ

ಮತ್ತೆ ಬಂತು.

ಜೂನ್ 5, ಬುಧವಾರ

ಊರಿನ ಇನ್ನೊಂದು ತುದಿಯಲ್ಲಿ ಒಬ್ಬರು ಹಿರಿಯ ಡಾಕ್ಟರಿದ್ದಾರೆ, ಅಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ. ಎರಡು ಬಸ್ಸು ಬದಲಿಸಿ ಹೋದೆ. ಕಾಯುವ ಬೆಂಚಿನಲ್ಲಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದೆ. ಅದು ತಲೆಕೆಳಗಾಗಿತ್ತು ಅಂತ ಆಮೇಲೆ ಗೊತ್ತಾಯಿತು.

"ಏನ್ ಕೆಲಸ?" ಅಂತ ಕೇಳಿದರು.

"ಸ್ಟೇಷನರಿ ಅಂಗಡಿ," ಅಂದೆ. ಪೆನ್ನು, ಪುಸ್ತಕ ಮಾರುವವನಾಗಿಬಿಟ್ಟೆ.

"ಏನ್ ತೊಂದರೆ?"

"ಸ್ವಲ್ಪ ಉಷ್ಣ ಆಗಿದೆ ಡಾಕ್ಟ್ರೇ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಉಷ್ಣ ಆಗಿದ್ರೆ ಎಳನೀರು ಕುಡೀರಿ, ನನ್ನ ಹತ್ರ ಯಾಕೆ ಬಂದ್ರಿ? ಸರಿಯಾಗಿ ಹೇಳಿ." ಹೇಳಿದೆ. ಮೊದಲೇ ಮಾತ್ರೆ ನುಂಗಿದ್ದನ್ನೂ ಹೇಳಿದೆ, ಕೊಟ್ಟವನು "ಯಾರೋ ಒಬ್ಬ ಮೆಡಿಕಲ್ ಶಾಪಿನವನು" ಎಂದೆ. ಸ್ಯಾಂಪಲ್ ತೆಗೆದುಕೊಂಡು ಕಲ್ಚರ್ ಪರೀಕ್ಷೆಗೆ ಕಳಿಸಿದ್ದಾರೆ, ಯಾವ ಔಷಧಿಗೆ ಇದು ಬಗ್ಗುತ್ತದೆ ಅಂತ ನೋಡುವುದಕ್ಕೆ.

ಜೂನ್ 8, ಶನಿವಾರ

ಗೊನೊರಿಯಾ. ಡಾಕ್ಟರು ಬಾಗಿಲು ತೆರೆದಿದ್ದಾಗಲೇ ಹೆಸರು ಹೇಳಿಬಿಟ್ಟರು. ಬೆಂಚಿನ ಮೇಲಿದ್ದ ಮುದುಕಿ ನನ್ನ ಕಡೆ ತಿರುಗಿದಳು, ಅಥವಾ ನನಗೆ ಹಾಗೆ ಕಂಡಿತು.

ರಿಪೋರ್ಟಿನಲ್ಲಿ ಔಷಧಿಗಳ ಪಟ್ಟಿ. ನಾನು ಕೌಂಟರಿನಲ್ಲಿ ಕತ್ತರಿಸಿ ಕೊಡುವ ಮಾತ್ರೆಗಳೆಲ್ಲ ಅದರಲ್ಲಿದ್ದವು, ಎಲ್ಲದರ ಮುಂದೆಯೂ ಒಂದೇ ಷರಾ: ಇದಕ್ಕೆ ಬಗ್ಗುವುದಿಲ್ಲ. ಕೊನೆಯ ಸಾಲಿನ ಒಂದು ಇಂಜೆಕ್ಷನ್ನಿಗೆ ಮಾತ್ರ ಬಗ್ಗುತ್ತದೆ.

"ನಾನು ಪ್ರಾಕ್ಟೀಸ್ ಶುರು ಮಾಡ್ದಾಗ ಇದು ಒಂದು ಮಾತ್ರೆಗೆ ಓಡಿಹೋಗ್ತಿತ್ತು," ಅಂದರು ಡಾಕ್ಟರು. "ಈಗ ತಿಂಗಳಿಗೆ ಆರೇಳು ಜನ ಬರ್ತಾರೆ, ಯಾರಿಗೂ ಮಾತ್ರೆ ಹಿಡಿಯಲ್ಲ. ಎರಡೆರಡು ಕತ್ತರಿಸಿ ಕೊಡ್ತಾರಲ್ಲ ಆ ಮೆಡಿಕಲ್ ಶಾಪಿನವರು, ಅವರ ಪುಣ್ಯ ಇದು. ಅರ್ಧಂಬರ್ಧ ಔಷಧಿ ತಿಂದು ತಿಂದು ರೋಗಾಣು ಪಳಗಿಬಿಟ್ಟಿದೆ. ನಿಮಗೆ ಕೊಟ್ಟವನು ಸಿಕ್ಕಿದ್ರೆ ಕೆನ್ನೆಗೆ ಎರಡು ಬಿಗೀರಿ."

"ಬಿಗೀತೀನಿ," ಅಂದೆ.

ಇಂಜೆಕ್ಷನ್ ಕೊಟ್ಟರು. "ಹೆಂಡತೀನ ಈ ವಾರದೊಳಗೆ ಕರ್ಕೊಂಡು ಬನ್ನಿ. ಅವರಿಗೂ ಇದೇ ಸೂಜಿ ಆಗಬೇಕು. ಏನೂ ಕಾಣಿಸ್ತಿಲ್ಲ ಅಂತ ಸುಮ್ನಿರಬೇಡಿ. ತಡವಾದ್ರೆ ಟ್ಯೂಬು ಹೋಗುತ್ತೆ."

ವಾಪಸ್ ಬರುವ ಬಸ್ಸಿನಲ್ಲಿ ಒಂದೇ ಯೋಚನೆ. ಮಾತ್ರೆಯಾದರೆ ವಿಟಮಿನ್ ಅಂತ ನುಂಗಿಸಬಹುದು. ಸೂಜಿಯನ್ನು ಏನೆಂದು ಹೇಳಿ ಚುಚ್ಚಿಸಲಿ?

ಜೂನ್ 9, ಭಾನುವಾರ

ಇವತ್ತು ಹೇಳಬೇಕೆಂದಿದ್ದೆ. ಅವಳ ತಂಗಿ ಬಂದಳು. ಆಗಲಿಲ್ಲ.

ಜೂನ್ 11, ಮಂಗಳವಾರ

ಹೇಳಲಿಲ್ಲ. ತಲೆ ಕೆಟ್ಟು ಹೋಗಿದೆ, ಅಂಗಡಿಯಲ್ಲೂ ಸುಮ್ಮಸುಮ್ಮನೆ ಜಗಳ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದಾರೆ, ಹತ್ತು ವರ್ಷದ ಗಿರಾಕಿ. ಗಂಟಲು ಕೆರೆತಕ್ಕೆ "ಅದೇ ಕೆಂಪು ಮಾತ್ರೆ, ಎರಡು" ಅಂತ ಬಂದರು. ಕತ್ತರಿ ಕೈಗೆ ತಗೊಂಡೆ. ಕತ್ತರಿಸಲಾಗಲಿಲ್ಲ.

"ಡಾಕ್ಟರ ಚೀಟಿ ತನ್ನಿ. ಕೊಟ್ರೆ ಪೂರ್ತಿ ಕೋರ್ಸೇ ಕೊಡೋದು."

"ಏನಯ್ಯಾ, ಇಷ್ಟು ವರ್ಷ ಇಲ್ಲದ್ದು ಇವತ್ತೇನು ಹೊಸ ಶಾಸ್ತ್ರ?"

"ಇಷ್ಟು ವರ್ಷ ಕೊಟ್ಟಿದ್ದೇ ತಪ್ಪು."

"ನಿನ್ನ ತಲೆ ನೆಟ್ಟಗಿಲ್ಲ," ಎಂದು ಬೈದುಕೊಂಡು ಎದುರು ಸಾಲಿನ ಅಂಗಡಿಗೆ ಹೋದರು. ಅವರ ನಂತರ ಇನ್ನೂ ಇಬ್ಬರನ್ನು ಹೀಗೇ ವಾಪಸ್ ಕಳಿಸಿದೆ. ಸಂಜೆ ಬ್ರಷ್ಷುಗಳ ಮುಂದೆ ನಿಂತಿದ್ದ ಒಬ್ಬ ಡ್ರೈವರು "ಉಷ್ಣ" ಅಂದದ್ದಕ್ಕೆ, ಒಳಗೆ ಕರೆದು ಕೂರಿಸಿ, ಆ ಹಿರಿಯ ಡಾಕ್ಟರ ವಿಳಾಸ ಬರೆದುಕೊಟ್ಟೆ. "ಮನೇಲಿ ಹೆಂಡ್ತಿ ಇದ್ರೆ ಅವರನ್ನೂ ಕರ್ಕೊಂಡು ಹೋಗು," ಅಂತಲೂ ಹೇಳಿದೆ. ಅವನು ಹೆದರಿ ಬಿಳಿಚಿಕೊಂಡ. ಹೇಳುವುದಕ್ಕೆ ನನಗೇನು ಯೋಗ್ಯತೆ ಇದೆ ಅಂತ ನಾಚಿಕೆಯಾಯಿತು.

ಹೀಗೇ ಸಿಡುಕುತ್ತಿದ್ದರೆ ಗಿರಾಕಿಗಳೆಲ್ಲ ಕೈಬಿಟ್ಟು ಹೋಗುತ್ತಾರೆ. ನಿದ್ದೆ ಸರಿಯಾಗಬೇಕು.

ಜೂನ್ 13, ಗುರುವಾರ

ಅಂಗಡಿಯಲ್ಲಿ ಬಸಿರು ಪರೀಕ್ಷೆಯ ಕಿಟ್ ಒಂದು ಕಾಣೆಯಾಗಿದೆ. ಬೆಳಿಗ್ಗೆ ಇವಳು ಬಾಚಣಿಗೆ ಬೇಕೆಂದು ಬಂದು, ಹಿಂದಿನ ಕಪಾಟಿನ ಹತ್ತಿರ ಸುಳಿದಾಡಿ, ಬಾಚಣಿಗೆ ಮರೆತು ಹೋಗಿದ್ದಳು. ಲೆಕ್ಕ ಹಾಕಿದೆ. ಈ ತಿಂಗಳ ಮುಟ್ಟು ನಾಲ್ಕು ದಿನ ಮುಂದೆ ಹೋಗಿದೆ.

ಮಧ್ಯಾಹ್ನ ಊಟಕ್ಕೆ ಹೋದಾಗ ಏನೂ ಹೇಳಲಿಲ್ಲ. ಆದರೆ ಪಾತ್ರೆ ತೊಳೆಯುತ್ತ ಹಾಡು ಗುನುಗುತ್ತಿದ್ದಳು. ಖುಷಿಪಡಬೇಕೋ, ಹೆದರಬೇಕೋ? ಬಸಿರಾಗಿದ್ದರೆ ಈ ರೋಗ ಮಗುವಿನ ಕಣ್ಣಿಗೂ ಕುತ್ತು. ಆಗಿರಲಪ್ಪಾ ಎಂದು ಒಂದು ಮನಸ್ಸು, ಬೇಡಪ್ಪಾ ಎಂದು ಇನ್ನೊಂದು. ಬೇಡ ಅಂತ ಬೇಡಿಕೊಂಡ ನಾನು ಎಂಥ ಮನುಷ್ಯ!

ಜೂನ್ 14, ಶುಕ್ರವಾರ

ಆಗಿಲ್ಲ. ಬೆಳಿಗ್ಗೆ ಮುಟ್ಟಾದಳು. ಈ ಸಲ ಕೆಳಹೊಟ್ಟೆಯಲ್ಲಿ ವಿಪರೀತ ನೋವು. ಮಂಚದ ಅಂಚಿನಲ್ಲಿ ಮುದುರಿಕೊಂಡು ಕೂತಿದ್ದಳು. ನಾನು ಬಿಸಿನೀರಿನ ಚೀಲ ತಂದುಕೊಟ್ಟೆ.

"ನಿಮಗೆ ಹೇಳಿರ್ಲಿಲ್ಲ," ಅಂದಳು. "ಈ ಸಲ ನಿಂತಿದೆ ಅಂದ್ಕೊಂಡಿದ್ದೆ. ನಿಮ್ಮ ಅಂಗಡಿಯಿಂದ ಕಿಟ್ ಕದ್ದಿದ್ದೆ ಕಣ್ರೀ." ನಗಲು ನೋಡಿದಳು, ಆಗಲಿಲ್ಲ. "ನನ್ನ ಹೊಟ್ಟೇನೇ ಸರಿಯಿಲ್ಲ. ನಿಮಗೆ ಒಂದು ಮಗು ಕೊಡೋಕೂ ಆಗ್ತಿಲ್ಲ. ಕ್ಷಮಿಸಿಬಿಡಿ."

ಕ್ಷಮಿಸಿಬಿಡಿ! ಅವಳು, ನನ್ನನ್ನು! ಮಾತು ಗಂಟಲವರೆಗೆ ಬಂತು. "ಹಾಗೆಲ್ಲ ಅನ್ಬೇಡ್ವೇ," ಅಂದೆ, ತಲೆ ಸವರಿದೆ. ಆಮೇಲೆ ಅಂಗಡಿಗೆ ಬಂದು ಶಟರ್ ಪೂರ್ತಿ ಇಳಿಸಿ ಅತ್ತೆ. ನನ್ನಂಥ ಹೇಡಿಯನ್ನು ನಾನು ನೋಡಿಲ್ಲ.

ಜೂನ್ 17, ಸೋಮವಾರ

ನೋವು ಕಡಿಮೆಯಾಗಿಲ್ಲ. ಹಣೆ ಮುಟ್ಟಿದರೆ ಬೆಚ್ಚಗಿದೆ. ಕನ್ನಡಕದ ಅಂಗಡಿಯಿಂದ ಹನ್ನೊಂದಕ್ಕೇ ಮನೆಗೆ ಬಂದಳು. ಡಾಕ್ಟರಮ್ಮನ ಹತ್ತಿರ ಹೋಗೋಣ ಅಂದರೆ, "ಮುಟ್ಟಿನ ನೋವಿಗೆಲ್ಲ ಡಾಕ್ಟ್ರು ಯಾಕೆ? ಎರಡು ದಿನ ನೋಡೋಣ," ಅನ್ನುತ್ತಾಳೆ. ಇದು ಮುಟ್ಟಿನ ನೋವಲ್ಲ ಅಂತ ಗೊತ್ತಿರುವವನು ನಾನೊಬ್ಬನೇ.

ಎದುರಿನ ನರ್ಸಿಂಗ್ ಹೋಮಿನ ಸಿಸ್ಟರ್ ಹತ್ತಿ ತಗೊಳ್ಳಲು ಬಂದಿದ್ದಾಗ ಮೆಲ್ಲಗೆ ಕೇಳಿದೆ. "ಮನೆಯವಳಿಗೆ ಒಂದು ಇಂಜೆಕ್ಷನ್ ಕೊಡ್ಬೇಕಿತ್ತು. ಶಕ್ತಿಗೆ ಅಂತ ಹೇಳಿ ಕೊಟ್ಟುಬಿಡ್ತೀರಾ?"

ನಾನು ಕೊಟ್ಟ ಸೀಸೆಯ ಮೇಲಿನ ಹೆಸರು ಓದಿದರು. ಅವರ ಮುಖ ಬದಲಾಯಿತು. "ಇದು ಶಕ್ತಿಗಾ ಅಣ್ಣಾ?"

ನಾನು ನೆಲ ನೋಡಿದೆ.

"ನಾನು ಕೊಡಲ್ಲ. ಏನು ಚುಚ್ತಿದ್ದೀನಿ ಅಂತ ಹೇಳ್ದೆ ಯಾರ ಮೈಗೂ ಸೂಜಿ ತಾಗಿಸಲ್ಲ ನಾನು." ಹತ್ತಿಯ ಪೊಟ್ಟಣ ಚೀಲಕ್ಕೆ ಹಾಕಿಕೊಂಡು, ಹೋಗುವ ಮುನ್ನ, "ಇವತ್ತೇ ಹೇಳಿ ಅಣ್ಣಾ," ಎಂದರು.

ಆಯಮ್ಮನ ಮೇಲೆ ಸಿಟ್ಟು ಬಂತು. ನಾನೇ ಕೊಡುತ್ತೇನೆ. ಸೂಜಿ ಹಾಕುವುದು ನನಗೂ ಬರುತ್ತದೆ. ನಾಳೆ ಬೆಳಿಗ್ಗೆ.

ಜೂನ್ 18, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಅವಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದೆ. ಶಕ್ತಿಯ ಇಂಜೆಕ್ಷನ್ ಅಂತ ಹೇಳಿದ್ದೆ. ನೈಟಿಯ ತೋಳು ಮಡಿಸಿಕೊಂಡು, ಸೂಜಿ ಎಂದರೆ ಮೊದಲಿನಿಂದಲೂ ಹೆದರುವವಳು, ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದಳು. ಸ್ಪಿರಿಟ್ ಹತ್ತಿಯಿಂದ ಒರೆಸಿದೆ.

"ಆಯ್ತಾ?"

"ಇನ್ನೂ ಇಲ್ಲ."

"ಬೇಗ ಮುಗಿಸ್ರೀ, ನಂಗೆ ಭಯ." ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಇದು ತಗೊಂಡ್ರೆ ಮುಂದಿನ ತಿಂಗಳು ನಿಲ್ಲುತ್ತಾ?"

ಸಿರಿಂಜ್ ಕೆಳಗಿಟ್ಟೆ. "ಇದು ಶಕ್ತಿಗೆ ಅಲ್ಲ," ಅಂದೆ. "ಗೊನೊರಿಯಾಗೆ. ನಿನಗೆ ಗೊನೊರಿಯಾ ಇದೆ. ನನ್ನಿಂದ ಬಂದದ್ದು." ಆ ಸಭೆ, ಆ ಹೋಟೆಲು, ಹೆಸರು ಕತ್ತರಿಸಿ ಕೊಟ್ಟ ಮಾತ್ರೆ, ಆ ಡಾಕ್ಟರು, ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ.

ಅವಳು ತೋಳು ಇಳಿಸಿಕೊಂಡಳು. ಒಂದೊಂದೇ ಮಡಿಕೆ ಬಿಡಿಸುತ್ತ ಬಹಳ ಹೊತ್ತು ತಗೊಂಡಳು. ಕಿರುಚುತ್ತಾಳೆ, ಸಿರಿಂಜ್ ಎತ್ತಿ ಎಸೆಯುತ್ತಾಳೆ ಎಂದುಕೊಂಡಿದ್ದೆ; ಎಸೆದಿದ್ದರೆ ಹಗುರಾಗುತ್ತಿತ್ತು.

"ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಇಪ್ಪತ್ತೈದು ದಿನ."

"ನನಗೆ ನೋವು ಶುರುವಾಗಿ ಇವತ್ತಿಗೆ ಐದನೇ ದಿನ." ಅವಳ ಧ್ವನಿ ಏರಲೇ ಇಲ್ಲ. "ಇಪ್ಪತ್ತು ದಿನ ನಾನು ಚೆನ್ನಾಗಿದ್ದೆ. ಆ ಇಪ್ಪತ್ತರಲ್ಲಿ ಯಾವುದಾದ್ರೂ ಒಂದು ದಿನ ಹೇಳಿದ್ರೆ ಸಾಕಿತ್ತು. ಹೋಟೆಲಲ್ಲಿ ಆಗಿದ್ದು ಒಂದು ದಿನದ್ದು ಅಂತೀರಿ. ಇದು ದಿನಾ ಬೆಳಿಗ್ಗೆ ಎದ್ದು ಎದ್ದು ಮಾಡಿದ್ದು."

ಸಿರಿಂಜ್ ಕಡೆ ಕೈ ತೋರಿಸಿ, "ಅದನ್ನ ಬಿಸಾಡಿ. ನಿಮ್ಮ ಕೈಯಿಂದ ಬೇಡ," ಎಂದು ಎದ್ದು, ಹೊಟ್ಟೆ ಹಿಡಿದುಕೊಂಡು ಒಬ್ಬಳೇ ಆಟೋ ಹತ್ತಿದಳು. ನಾನು ಇನ್ನೊಂದು ಆಟೋದಲ್ಲಿ ಹಿಂದೆ ಹೋದೆ.

ಜೂನ್ 19, ಬುಧವಾರ

ನಿನ್ನೆ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟಿದ್ದಾರೆ, ಹದಿನಾಲ್ಕು ದಿನ ಮಾತ್ರೆ ಬರೆದಿದ್ದಾರೆ. ಸೋಂಕು ಮೇಲೆ ಹತ್ತಿದೆಯಂತೆ. ಟ್ಯೂಬಿನ ವಿಷಯ ಕೇಳಿದೆ. ನನ್ನ ಮುಖ ನೋಡದೆ, "ಈಗಲೇ ಹೇಳೋಕಾಗಲ್ಲ. ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಿ ನೋಡೋಣ. ಉಳಿದಿದ್ರೂ ಉಳಿದಿರಬಹುದು," ಅಂದರು.

ಜ್ವರ ಇವತ್ತು ಇಳಿದಿದೆ. ಹದಿನಾಲ್ಕು ದಿನದ ಮಾತ್ರೆಯನ್ನು ಅವಳು ನನ್ನ ಅಂಗಡಿಯಿಂದ ತಗೊಳ್ಳಲಿಲ್ಲ. ಎದುರು ಸಾಲಿನ ಅಂಗಡಿಯಿಂದ ತಗೊಂಡಳು.

ಜೂನ್ 21, ಶುಕ್ರವಾರ

ಮೂರು ದಿನದಿಂದ ಮಾತಿಲ್ಲ. ಅಡುಗೆ ಮಾಡುತ್ತೇನೆ, ಅವಳು ಬಡಿಸಿಕೊಂಡು ಹೋಗಿ ಕೋಣೆಯಲ್ಲಿ ತಿನ್ನುತ್ತಾಳೆ. ಮೂರೇ ತಿಂಗಳು ತಾನೇ, ಪರೀಕ್ಷೆಯ ಫಲ ಒಳ್ಳೆಯದಾದರೆ ಎಲ್ಲ ಸರಿಹೋಗಬಹುದು ಅಂತ ನಾನು ನನ್ನಷ್ಟಕ್ಕೆ ಕನಸು ಕಟ್ಟುತ್ತ ಕೂತಿದ್ದೆ.

ಇವತ್ತು ಮಧ್ಯಾಹ್ನ ಅರ್ಧ ಇಳಿಸಿದ್ದ ಶಟರಿನಡಿ ಬಗ್ಗಿ ಅವಳೇ ಅಂಗಡಿಯೊಳಗೆ ಬಂದಳು. ನಾನು ಕುರ್ಚಿ ಎಳೆದೆ. ಕೂರಲಿಲ್ಲ.

"ಅವಳಿಗೆ ಹೇಳಿದ್ರಾ?"

"ಯಾರಿಗೆ?" ನಿಜವಾಗಿ ನನಗೆ ಅರ್ಥವಾಗಲಿಲ್ಲ.

"ಯಾರಿಗಾ? ಆ ಹೋಟೆಲಿನವಳಿಗೆ."

ಈ ನಾಲ್ಕು ವಾರದಲ್ಲಿ ಆ ಹೆಂಗಸಿನ ನೆನಪಾದಾಗಲೆಲ್ಲ, ನನಗೆ ರೋಗ ಅಂಟಿಸಿದವಳು ಎಂದು ಹಲ್ಲು ಕಡಿದಿದ್ದೆನೇ ಹೊರತು, ಅವಳಿಗೂ ಮೈಯಿದೆ, ಹೊಟ್ಟೆಯಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. "ಅವಳಿಂದಲೇ ತಾನೇ ಬಂದದ್ದು..." ಎಂದು ಶುರು ಮಾಡಿದೆ.

"ಅವಳಿಗೆ ಗೊತ್ತಿದೆಯಾ ಅದು? ನನಗೆ ಗೊತ್ತಿತ್ತಾ?" ಕೈ ಚಾಚಿದಳು. "ಫೋನ್ ಕೊಡಿ. ಯಾವ ಹೆಸರಲ್ಲಿ ಇಟ್ಕೊಂಡಿದ್ದೀರಿ?"

"ಬ್ಯಾಂಡೇಜ್ ಡೀಲರ್," ಅಂದೆ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಸ್ಪೀಕರ್ ಹಾಕಿ ಕೌಂಟರಿನ ಮೇಲಿಟ್ಟಳು. ಆ ಕಡೆಯಿಂದ "ಹಲೋ" ಬಂತು, ಹಿಂದೆ ಯಾರೋ ಗಿರಾಕಿ ಕೆಮ್ಮಿನ ಸಿರಪ್ ಕೇಳುತ್ತಿದ್ದರು. ನಾನು ಯಾರೆಂದು ಹೇಳಿದೆ. ಮಾತು ಸುತ್ತಿ ಬಳಸಲು ಹೋದೆ. ಇವಳು ಕಣ್ಣು ಕೀಳಲಿಲ್ಲ. ಗೊನೊರಿಯಾ ಅಂದೆ. ಮಾತ್ರೆ ಹಿಡಿಯುವುದಿಲ್ಲ, ಇಂಜೆಕ್ಷನ್ನೇ ಆಗಬೇಕು ಅಂದೆ.

"ನನಗೇನೂ ಆಗಿಲ್ವಲ್ಲ," ಅಂದಳು ಅವಳು. ಗಿರಾಕಿಗೆ ಆಮೇಲೆ ಬನ್ನಿ ಅಂದದ್ದು ಕೇಳಿಸಿತು. "ನಮ್ಮ ಯಜಮಾನ್ರಿಗೂ...?" ಆಮೇಲೆ ದನಿ ತಗ್ಗಿಸಿ, "ನಿಮ್ಮ ಮನೇಲಿ ಗೊತ್ತಾ ಸಾರ್?"

ಇವಳು ಸ್ಪೀಕರ್ ತೆಗೆದು ಫೋನ್ ಕಿವಿಗಿಟ್ಟುಕೊಂಡಳು. "ಗೊತ್ತು ಕಣಮ್ಮ. ನಾನೇ ಮಾತಾಡ್ತಿರೋದು. ಹೆದರ್ಕೋಬೇಡ. ಹೊಟ್ಟೆನೋವು ಏನಾದ್ರೂ ಇದೆಯಾ? ಕೆಳಗಡೆ?" ಕೇಳುತ್ತಲೇ ನನಗೆ ಹೊರಗೆ ಹೋಗಿ ಅಂತ ಕೈ ಮಾಡಿದಳು.

ಶಟರಿನಡಿ ಬಗ್ಗಿ ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ಒಳಗಿನಿಂದ ಇವಳ ಧ್ವನಿ ಮಾತ್ರ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದು ಸಲ ಇಬ್ಬರೂ ಅಳುತ್ತಿರಬೇಕು ಅನ್ನಿಸಿತು. ಅರ್ಧ ಗಂಟೆಯ ಮೇಲಾಯಿತು.

ಹೊರಗೆ ಬಂದು ಫೋನ್ ನನ್ನ ಕೈಗಿಟ್ಟಳು. ಕಣ್ಣು ಕೆಂಪಾಗಿತ್ತು.

"ಸಂಜೆ ಗಂಡ ಮನೆಗೆ ಬಂದ ತಕ್ಷಣ ಹೇಳ್ತಾಳಂತೆ. ನಾಳೆ ಇಬ್ಬರೂ ಡಾಕ್ಟ್ರ ಹತ್ರ ಹೋಗ್ತಾರಂತೆ."

"ಇವತ್ತೇನಾ?" ನನ್ನ ಬಾಯಿಂದ ತಾನಾಗಿ ಹೊರಟಿತು.

"ನಾನೂ ಅದನ್ನೇ ಕೇಳ್ದೆ. ಇವತ್ತೇ ಹೇಳೋಕೆ ಭಯ ಆಗಲ್ವಾ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "'ಆಗುತ್ತೆ ಅಕ್ಕಾ, ಆದ್ರೆ ಅವರಿಗೂ ಔಷಧಿ ಬೇಕಲ್ವಾ' ಅಂದ್ಲು."